ಅರ್ತ್ ಸಲಾಕೆಗೆ ಕಟ್ಟಿದ ಹೋರಿ

1995ರಲ್ಲಿ ನಾನು ಶಿಕಾರಿಪುರದಲ್ಲಿ ಆಂಪ್ಲಿಫೈಯರ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ಮದುವೆ ಮನೆಯ ಮೈಕ್ ಸೆಟ್‌ನಿಂದ ಹಿಡಿದು ರಸಮಂಜರಿ ತಂಡಗಳ ಕೀಬೋರ್ಡ್‌ವರೆಗೆ ಕೆಟ್ಟದ್ದೆಲ್ಲ ನನ್ನ ಮೇಜಿಗೆ ಬರುತ್ತಿತ್ತು. ನನ್ನ ಕೆಲಸದಷ್ಟೇ ನನ್ನ ಬಾಯಿಯೂ ಹೆಸರುವಾಸಿ. ಮೂರು ಪಿನ್ನಿನ ಪ್ಲಗ್‌ನಿಂದ ಅರ್ತ್ ಪಿನ್ ಕಿತ್ತು ತಂದವರಿಗೆ ನಾನು ಬೈಯುವುದು ಬಸ್ ನಿಲ್ದಾಣದ ತನಕ ಕೇಳಿಸುತ್ತದೆ ಎಂದು ಪಕ್ಕದ ಹೋಟೆಲಿನವರು ಹಾಸ್ಯ ಮಾಡುತ್ತಿದ್ದರು. ಬೈಗುಳಕ್ಕೆ ಕಾರಣವಿತ್ತು. ಯಂತ್ರದ ಲೋಹದ ಮೈಗೆ ಕರೆಂಟು ಬಂದರೆ ಅದನ್ನು ನೆಲಕ್ಕಿಳಿಸುವ ದಾರಿಯೇ ಅರ್ತ್. ಆ ದಾರಿ ತಪ್ಪಿಸಿದರೆ ಕರೆಂಟು ಮನುಷ್ಯನ ಮೈಯ ಮೂಲಕವೇ ಇಳಿಯುತ್ತದೆ.

ಆ ವರ್ಷ ದೀಪಾವಳಿಗೆ ಮುಂಚೆ, ಹೋರಿ ಹಬ್ಬದಲ್ಲಿ ನುಡಿಸಲು ಆಂಪ್ಲಿಫೈಯರ್ ಬೇಕೆಂದು ಕುಪ್ಪಗಡ್ಡೆಯಿಂದ ಅಣ್ಣತಮ್ಮಂದಿರಿಬ್ಬರು ಅಂಗಡಿಗೆ ಬಂದರು. ತಮ್ಮ ಚನ್ನಬಸಪ್ಪ ಗಿಟಾರ್ ಕಲಿಯುತ್ತಿದ್ದ ಯುವಕ. ಬೆರಳಿಗೆ ಒಳ್ಳೆಯ ಓಟವಿತ್ತು. ಆದರೆ ಗಿಟಾರನ್ನು ಮೈಕ್ ಸೆಟ್ಟಿಗೇ ಸಿಕ್ಕಿಸಿ ನುಡಿಸುತ್ತಿದ್ದನಾದ್ದರಿಂದ ತಗಡಿನ ಡಬ್ಬಿ ಬಡಿದಂತೆ ಕೇಳುತ್ತಿತ್ತು. ಅಣ್ಣ ಶಿವಲಿಂಗಪ್ಪ ಮನೆಯ ಯಜಮಾನ, ಹೋರಿ ಸಾಕುವವನು. ಗಿಟಾರ್ ಎಂದರೆ ಅವನಿಗೆ ಮೈಯೆಲ್ಲ ಉರಿ.

ನನ್ನಲ್ಲಿ ಎರಡು ವಾಲ್ವ್ ಆಂಪ್ಲಿಫೈಯರ್‌ಗಳಿದ್ದವು. ವಾಲ್ವ್ ಎಂದರೆ ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಕಾಯುತ್ತಿದ್ದ ಗಾಜಿನ ಬುರುಡೆ. ಟ್ಯೂಬ್ ಎಂದೂ ಕರೆಯುತ್ತಾರೆ. ಒಂದು, ಮುಚ್ಚಿಹೋದ ಟೂರಿಂಗ್ ಟಾಕೀಸಿನಿಂದ ತಂದ ಐವತ್ತು ವಾಟಿನ ದೈತ್ಯ. ಇನ್ನೊಂದು, ಉಳಿದ ಬಿಡಿಭಾಗಗಳಿಂದ ನಾನೇ ಜೋಡಿಸಿದ ಹದಿನೈದು ವಾಟಿನದು. ನಾನು ಚಿಕ್ಕದನ್ನೇ ತೋರಿಸಿದೆ. ವಾಲ್ವನ್ನು ಅದರ ಶಕ್ತಿಯ ಕೊನೆಯವರೆಗೆ ದುಡಿಸಿದಾಗಲೇ ಸ್ವರಕ್ಕೆ ತುಂಬು ಬರುವುದು. ಮೆಲ್ಲಗೆ ಮೀಟಿದರೆ ತಿಳಿಯಾಗಿ, ಒತ್ತಿ ಮೀಟಿದರೆ ಗೊಗ್ಗರಾಗಿ ಬೆರಳಿನ ಮಾತು ಕೇಳುತ್ತದೆ. ಐವತ್ತು ವಾಟಿನದನ್ನು ಅಷ್ಟು ದುಡಿಸಿದರೆ ಮನೆಮಂದಿ ಊರು ಬಿಡಬೇಕು. ಕಲಿಯುವವನಿಗೆ ತನ್ನ ಬೆರಳು ತಪ್ಪಿದ್ದು ಕೇಳಿಸಬೇಕು, ಅದಕ್ಕೆ ಚಿಕ್ಕದೇ ಸರಿ ಎಂದು ಹೇಳಿದೆ.

“ಇದೆಂತದು ರೀ, ಮೊಲದ ಗೂಡಿನಷ್ಟೈತೆ. ಹೋರಿ ಹಬ್ಬದ ಗದ್ದಲದಾಗೆ ಇದರ ಕೂಗು ಯಾರಿಗೆ ಕೇಳ್ಬೇಕು?” ಎಂದ ಶಿವಲಿಂಗಪ್ಪ.

“ನೀವು ಹೋರಿ ಆರಿಸೋವಾಗ ನಾನು ಬಾಯಿ ಹಾಕ್ತೀನಾ? ನುಡಿಸೋನು ಅವನು, ಅವನು ಆರಿಸ್ಲಿ ಬಿಡ್ರಿ” ಎಂದೆ.

ಚನ್ನಬಸಪ್ಪ ಚಿಕ್ಕದನ್ನು ಆರಿಸಿದ. ನಾನು ಎಂದಿನಂತೆ ಪಾಠ ಶುರುಮಾಡಿದೆ: ಅರ್ತ್ ಇಲ್ಲದೆ ಹಚ್ಚಬಾರದು, ಹಲಗೆಯ ಮೇಲೆ ನಿಂತು ನುಡಿಸಬೇಕು, ಯಾರಿಗಾದರೂ ಕರೆಂಟು ಹಿಡಿದರೆ ಕೈಯಲ್ಲಿ ಮುಟ್ಟದೆ ಒಣಗಿದ ಕಟ್ಟಿಗೆಯಿಂದ ಬಿಡಿಸಬೇಕು. ತಮ್ಮ ತಲೆಯಾಡಿಸುತ್ತಿದ್ದ. ಅಣ್ಣ ಎಲೆ ಅಡಿಕೆ ಜಗಿಯುತ್ತ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ. ಇವನಿಗೆ ಹೇಳಿದರೂ ಒಂದೇ, ಗೋಡೆಗೆ ಹೇಳಿದರೂ ಒಂದೇ ಅಂದುಕೊಂಡೆ.

ಹೊರಡುವಾಗ ಶಿವಲಿಂಗಪ್ಪ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ: “ಹಬ್ಬದಾಗೆ ನಾಕು ಜನ ಮೆಚ್ಚಿದ್ರೆ ಇವ ಆರ್ಕೆಸ್ಟ್ರಾಕ್ಕೆ ಹೋಗ್ಲಿ. ಇಲ್ಲಾಂದ್ರೆ ಆ ಗಿಟಾರ್‌ನ ನಾನೇ ಮುರಿದು ಹಾಕ್ತೀನಿ.” ಇದೇ ಮಾತನ್ನು ಅವನು ತನ್ನ ಊರಿನಲ್ಲೂ ಎಲ್ಲರ ಮುಂದೆ ಆಡಿದ್ದನಂತೆ.

ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಹಾರ, ಬಲೂನು ಕಟ್ಟಿದ ಹೋರಿಯನ್ನು ಜನರ ನಡುವೆ ಓಡಿಸುತ್ತಾರೆ, ಹಾರ ಹರಿಯುವವರು ಮೈಮೇಲೆ ಬೀಳುತ್ತಾರೆ. ಆನವಟ್ಟಿ ಬಳಿಯ ಹಬ್ಬದ ಬಯಲಿಗೆ ನಾನು ಹೋಗುವಷ್ಟರಲ್ಲಿ ಒಬ್ಬನ ಪಕ್ಕೆಗೆ ಕೊಂಬು ತಾಗಿತ್ತು, ಇನ್ನೊಬ್ಬ ಮುರಿದ ಹಲ್ಲನ್ನು ಅಂಗೈಯಲ್ಲಿ ಹಿಡಿದು ಸ್ನೇಹಿತರಿಗೆ ತೋರಿಸುತ್ತಿದ್ದ. ಹಾರಕ್ಕಾಗಿ ಎರಡು ಗುಂಪುಗಳು ಬಡಿದಾಡುತ್ತಿದ್ದವು. ಇದರ ನಡುವೆ ಗಿಟಾರ್ ನುಡಿಸುವುದೆಂದರೆ ಹುಡುಗಾಟವಲ್ಲ.

ಹೊಸ ಆಂಪ್ಲಿಫೈಯರನ್ನು ಮೊದಲ ಸಲ ನುಡಿಸುವಾಗ ಸ್ಥಳದಲ್ಲಿ ನಾನೇ ಇರುವುದು ನನ್ನ ಪದ್ಧತಿ. ಶಾಮಿಯಾನದ ಹಿಂದೆ ಕಬ್ಬಿಣದ ಸಲಾಕೆಯನ್ನು ಆಳಕ್ಕೆ ಹೊಡೆದು, ಬುಡಕ್ಕೆ ಉಪ್ಪುನೀರು ಸುರಿದು, ಅರ್ತ್ ತಂತಿ ಬಿಗಿದೆ. ಹಸಿ ನೆಲದ ಮೇಲೆ ಹಲಗೆ ಹಾಕಿಸಿದೆ. ಹೋರಿಗೆ ಪೂಜೆ ಮಾಡಿ ಬಂದಿದ್ದ ಚನ್ನಬಸಪ್ಪ ಬರಿಗಾಲಲ್ಲಿದ್ದ.

ಅವನು ಶುರುಮಾಡಿದ. ಮೊದಲು ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಒತ್ತಿ ಮೀಟಿದ ಒಂದು ಸ್ವರ ಬಯಲಿನ ಮೇಲೆ ಹಾಯ್ದುಹೋಯಿತು. ಬಡಿದಾಡುತ್ತಿದ್ದವರು ಕೂಡ ಇತ್ತ ನೋಡಿದರು. ನನಗೆ ಹೆಮ್ಮೆಯಾಯಿತು. ಚನ್ನಬಸಪ್ಪ ಮೈಮರೆತು ಹಲಗೆಯಿಂದ ಕೆಳಗಿಳಿದಿದ್ದ. ಅವನಿಗೆ ಕೈಸನ್ನೆ ಮಾಡಲು ಎದ್ದಾಗ ಹಿಂದೆ ಕಣ್ಣು ಹೋಯಿತು. ಶಿವಲಿಂಗಪ್ಪನ ಹೋರಿ ನನ್ನ ಅರ್ತ್ ಸಲಾಕೆಗೆ ಕಟ್ಟಿಸಿಕೊಂಡು ನಿಂತಿತ್ತು. ಹೋರಿ ಸಾಕುವವನ ಕಣ್ಣಿಗೆ ನೆಲದಲ್ಲಿ ಗಟ್ಟಿಯಾಗಿ ನಿಂತ ಕಬ್ಬಿಣವೆಲ್ಲ ಗೂಟವೇ.

ನಾನು ಕೂಗುವ ಮುಂಚೆ ಯಾರೋ ಪಟಾಕಿ ಸಿಡಿಸಿದರು. ಹೋರಿ ನೆಗೆಯಿತು. ಸಲಾಕೆ ಬಾಗಿತು, ಹಗ್ಗ ಮೇಲಕ್ಕೆ ಜಾರಿ ಅರ್ತ್ ತಂತಿಯನ್ನು ಸುತ್ತಿಕೊಂಡು ಕಿತ್ತಿತು. ಆ ಎಳೆತಕ್ಕೆ ಆಂಪ್ಲಿಫೈಯರ್ ಮಗುಚಿ, ಕರೆಂಟಿನ ವೈರು ಹಿಂಭಾಗದ ತಗಡಿನ ಅಂಚಿಗೆ ಸಿಕ್ಕಿ ಕೊಯ್ದುಹೋಯಿತು. ತಗಡಿಗೆ ಬಂದ ಕರೆಂಟಿಗೆ ನೆಲದ ದಾರಿ ಇರಲಿಲ್ಲ. ಅದು ಕೇಬಲ್ಲಿನ ಮೂಲಕ ಗಿಟಾರಿನ ತಂತಿಗಳಿಗೆ ಬಂತು. ಚನ್ನಬಸಪ್ಪನ ಎಡಗೈ ತಂತಿಗಳ ಮೇಲೆ ಮುಷ್ಟಿಗಟ್ಟಿತು. ಅವನು ನೆಲಕ್ಕೆ ಬಿದ್ದು ಒದ್ದಾಡಿದ, ಬಾಯಿಂದ ಶಬ್ದವೇ ಬರಲಿಲ್ಲ.

ಮೇನ್ ಸ್ವಿಚ್ ಇದ್ದದ್ದು ರಸ್ತೆಯಾಚೆಯ ಮನೆಯಲ್ಲಿ. ನಾನು ಜನರನ್ನು ತಳ್ಳಿಕೊಂಡು ಓಡಿದೆ. ತಿರುಗಿ ನೋಡಿದಾಗ ಶಿವಲಿಂಗಪ್ಪ ಬೇಲಿಯಿಂದ ಒಣ ಬಿದಿರು ಗಳ ಕಿತ್ತು ತಮ್ಮನ ಕೈ ಮೇಲೆ ಬೀಸುತ್ತಿದ್ದ. ಮೊದಲ ಏಟಿಗೆ ಬಿಡಲಿಲ್ಲ. ಎರಡನೆಯ ಏಟಿಗೆ ಗಿಟಾರಿನ ಕತ್ತು ಮುರಿಯಿತು, ಬೆರಳೂ ಮುರಿಯಿತು, ಕೈ ಬಿಟ್ಟಿತು.

ಜನ ಕಂಡದ್ದು ಬೇರೆ. ಮುರಿದು ಹಾಕುತ್ತೇನೆ ಎಂದಿದ್ದವನು ತಮ್ಮನನ್ನೇ ಕೊಲ್ಲುತ್ತಿದ್ದಾನೆ ಎಂದು ಅವನ ಮೇಲೆ ಬಿದ್ದರು. ನಾನು ಸ್ವಿಚ್ ಆರಿಸಿ ಬರುವಷ್ಟರಲ್ಲಿ ಅವನ ಹಣೆ ಒಡೆದು ಮುಖವೆಲ್ಲ ರಕ್ತವಾಗಿತ್ತು, ಒದೆಯುತ್ತಿದ್ದರು. ನಾನು ಅದೇ ಗಳ ಎತ್ತಿಕೊಂಡು ಒಂದಿಬ್ಬರ ಬೆನ್ನಿಗೆ ಬಾರಿಸಿದೆ. ಅದಕ್ಕೆ ಇವತ್ತಿಗೂ ಬೇಸರವಿಲ್ಲ. “ಕರೆಂಟು ಹಿಡಿದಿತ್ತು ಕಣ್ರೋ, ಅವನು ಬಿಡಿಸಿದ್ದು” ಎಂದು ಅರಚಿದ ಮೇಲೆ ಕೈಗಳು ನಿಂತವು. ಹೋರಿ ಗದ್ದೆಗಿಳಿದು ಎತ್ತಲೋ ಓಡಿತ್ತು. ಶಿವಲಿಂಗಪ್ಪ ಅತ್ತ ನೋಡಲೂ ಇಲ್ಲ.

“ನನ್ನ ತಮ್ಮ ಉಸಿರಾಡ್ತಾನಾ, ನೋಡ್ರಿ” ಎಂದ.

ಉಸಿರಾಡುತ್ತಿದ್ದ. ಇಬ್ಬರನ್ನೂ ಒಂದೇ ಟೆಂಪೋದಲ್ಲಿ ಆಸ್ಪತ್ರೆಗೆ ಸಾಗಿಸಿದೆವು.

ಬೇಸಿಗೆ ಹೊತ್ತಿಗೆ ಇಬ್ಬರೂ ಮತ್ತೆ ಅಂಗಡಿಗೆ ಬಂದರು. ಗಿಟಾರಿಗೆ ಹೊಸ ಕತ್ತು ಕೂಡಿಸಿದ್ದರು. ಚನ್ನಬಸಪ್ಪನ ಎಡಗೈಯ ಒಂದು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ನಾನು ಹೊಸ ವಾಲ್ವ್ ಹಾಕಿ ಸರಿಮಾಡಿದ್ದ ಚಿಕ್ಕ ಆಂಪ್ಲಿಫೈಯರ್ ಮೇಜಿನ ಮೇಲಿತ್ತು.

“ಈ ಸಲವಾದ್ರೂ ದೊಡ್ಡದು ಒಯ್ತೀರೇನ್ರಿ?” ಎಂದು ಅಣ್ಣನನ್ನು ಕೆಣಕಿದೆ.

“ಬ್ಯಾಡ್ರಿ. ಬೆರಳು ತಪ್ಪಿದ್ದು ಕೇಳ್ಬೇಕು ಅಂದಿದ್ರಲ್ಲ, ಆ ಮೊಲದ ಗೂಡೇ ಕೊಡ್ರಿ. ಮುರಿದೋನು ನಾನು. ಎಷ್ಟು ನೆಟ್ಟಗಾಯ್ತು ಅಂತ ನನಗೂ ಕೇಳ್ಬೇಕು.”

ಅಂದು ರಸ್ತೆ ನೋಡುತ್ತ ನಿಂತವನು ನನ್ನ ಪ್ರತಿ ಮಾತನ್ನೂ ಕೇಳಿಸಿಕೊಂಡಿದ್ದ. ಚನ್ನಬಸಪ್ಪ ನುಡಿಸಿದ. ಆ ಬೆರಳಿನ ಸ್ವರ ಬಂದಾಗಲೆಲ್ಲ ತುಸು ಜಾರುತ್ತಿತ್ತು. ಪ್ರತಿ ಸಲವೂ ಶಿವಲಿಂಗಪ್ಪ ಕಣ್ಣು ಮುಚ್ಚಿ ತೆರೆಯುತ್ತಿದ್ದ.

ಅಂದಿನಿಂದ ಕಸುಬು ಬಿಡುವವರೆಗೂ ಒಂದು ಕ್ರಮ ಇಟ್ಟುಕೊಂಡೆ. ಕರೆಂಟಿನ ಪಾಠವನ್ನು ನುಡಿಸುವವನಿಗಷ್ಟೇ ಅಲ್ಲ, ಜೊತೆಗೆ ಬಂದವರಿಗೂ ಹೇಳಿದೆ. ಕರೆಂಟು ಹಿಡಿದಾಗ ನುಡಿಸುವವನ ಕೈಯಲ್ಲಿ ಏನೂ ಇರುವುದಿಲ್ಲ. ಬಿಡಿಸುವುದು ಪಕ್ಕದವನಿಗೆ ಗೊತ್ತಿದ್ದರೆ ಜೀವ ಉಳಿದಂತೆ. ಮುಖ ತಿರುಗಿಸಿ ನಿಂತವರು ಕಂಡರೆ ಇನ್ನೂ ಸ್ವಲ್ಪ ಜೋರಾಗಿ ಹೇಳುತ್ತಿದ್ದೆ.