ಟೊಮೆಟೊ ಲಾರಿಯ ಬ್ರೇಕು

ಮುಳಬಾಗಿಲು ತಾಲ್ಲೂಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಟಿಪ್ಪಣಿ ನೋಡಿ ಪಾಠ ಮಾಡಿದವನಲ್ಲ. ನನ್ನ ಹಾಸ್ಯವೆಲ್ಲ ಆ ಕ್ಷಣಕ್ಕೆ ಹುಟ್ಟುವುದೆಂದು ಗಣಿತದ ಹೊಸ ಮೇಡಂ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ. ಪಾಠದ ವಿಡಿಯೊ ಮಾಡಿ ತರಬೇತಿಯವರಿಗೆ ಕಳಿಸಬೇಕೆಂದು ಆದೇಶ ಬಂದಾಗ, ಫೋನಿನಲ್ಲಿ ಚಿತ್ರೀಕರಿಸುವುದನ್ನು ನನಗೆ ಕಲಿಸಿದವರೂ ಅವರೇ.

ಅಂದು ಜಡತ್ವದ ಪಾಠ. ಮೇಜಿನ ಮೇಲೆ ಫೋನ್ ನಿಲ್ಲಿಸಿ ಶುರು ಮಾಡಿದೆ. ನಂಗಲಿ ರಸ್ತೆಯಲ್ಲಿ ಟೊಮೆಟೊ ತುಂಬಿದ ಲಾರಿಯೊಂದು ಗಕ್ಕನೆ ನಿಂತಿತು, ಟೊಮೆಟೊಗಳೆಲ್ಲ ಮುಂದಕ್ಕೆ ಹಾರಿದವು. "ಬ್ರೇಕ್ ಹಾಕಿದ್ದು ಲಾರಿಗೆ, ನಮಗಲ್ಲ" ಅಂದವಂತೆ. ಮಕ್ಕಳು ನಕ್ಕರು.

ಆಮೇಲೆ ಮೇಡಂ ಅವರನ್ನೂ ಕರೆದು, ಮಕ್ಕಳ ಜೊತೆಯಲ್ಲೇ ತರಗತಿಯ ಗೋಡೆಯ ದೊಡ್ಡ ಪರದೆಗೆ ಹಾಕಿ ನೋಡಿದರೆ ನಾನೇ ಇಲ್ಲ. ಕ್ಯಾಮೆರಾ ಮಕ್ಕಳ ಕಡೆ ತಿರುಗಿತ್ತು. ನನ್ನ ದನಿ ಲಾರಿ ನಿಲ್ಲಿಸುವ ಮೊದಲೇ ಹಿಂದಿನ ಬೆಂಚಿನ ತುಟಿಗಳೆಲ್ಲ "ನಮಗಲ್ಲ" ಅನ್ನುತ್ತಿದ್ದವು.

"ಇದೂ ಆ ಕ್ಷಣಕ್ಕೇ ಹುಟ್ಟಿದ್ದಾ ಸರ್?" ಎಂದರು ಮೇಡಂ.

"ಯಾರ್ ಹೇಳ್ಕೊಟ್ರೇ ನಿಮಗೆ?" ಎಂದು ಹಿಂದಿನ ಬೆಂಚಿನ ಹುಡುಗಿಯರನ್ನು ಕೇಳಿದೆ.

"ನಮ್ಮಕ್ಕ ಸರ್," ಎಂದಳೊಬ್ಬಳು. "ನಮ್ಮಮ್ಮ ನಿಮ್ಮತ್ರ ಓದೋವಾಗ ಟೊಮೆಟೊ ಅಲ್ವಂತೆ, ಕುಂಬಳಕಾಯಂತೆ."

ಕುಂಬಳಕಾಯಿ ಹೇಳಿದ ನೆನಪು ನನಗೆ ಸುತರಾಂ ಇಲ್ಲ. ಟೊಮೆಟೊ ಕೂಡ ಅಂದೇ ಹೊಳೆದದ್ದೆಂದು ನಂಬಿದ್ದೆ. ಪುರಾವೆಯಿಲ್ಲದೆ ಏನನ್ನೂ ಒಪ್ಪಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು; ಪುರಾವೆ ಗೋಡೆಯ ಮೇಲೇ ಇತ್ತು.

"ಯಾವುದ್ ಚೆನ್ನಾಗಿದೆ?" ಎಂದೆ.

"ಕುಂಬಳಕಾಯೇ ಸರ್!"

ಮರುದಿನ ಲಾರಿಗೆ ಕುಂಬಳಕಾಯಿ ತುಂಬಿಸಿ ಮತ್ತೆ ಪಾಠ ಮಾಡಿ ಕಳಿಸಿದೆ. ಈ ಸಲ ಪರದೆಯಲ್ಲಿ ನಾನೊಬ್ಬನೇ ಇದ್ದೆ. ಮಕ್ಕಳ ತುಟಿಗಳು ಏನು ಮಾಡುತ್ತಿದ್ದವೋ, ನೋಡಲು ಹೋಗಲಿಲ್ಲ.