ಕದಿರಪ್ಪ ತಾತ ಕತ್ತಿಗೆ ಕತ್ತಿ ಹೊಡೆದು ನೋಡಿದ್ದು

ಪದ್ಮಶ್ರೀ, ಈ ವಾಯ್ಸ್ ಮೆಸೇಜ್ ಉದ್ದ ಇರತ್ತೆ ಕಣೇ, ಸ್ಪೀಡ್ ಜಾಸ್ತಿ ಮಾಡ್ಕೊಂಡು ಕೇಳ್ಬೇಡ. ನಮ್ ತಾತ ಕತ್ತಿ ಮಾಡೋದು ಯಾಕ್ ಬಿಟ್ರು ಅಂತ ಕೇಳಿದ್ಯಲ್ಲ?

ಕೊಡಿಗೇಹಳ್ಳೀಲಿ ಕದಿರಪ್ಪನ ಕುಲುಮೆ ಅಂದ್ರೆ ಈಗ್ಲೂ ಆಟೋದವ್ರು ಸೀದಾ ಬಾಗ್ಲಿಗೇ ಬಿಡ್ತಾರೆ. ಮೊದ್ಲು ಮಚ್ಚು, ಕುಡುಗೋಲು ಮಾಡ್ತಿದ್ರು. ಹೊಲ ಎಲ್ಲಾ ಸೈಟಾದ್ಮೇಲೆ, ಜಕ್ಕೂರಲ್ಲಿ ಕತ್ತಿವರಸೆ ಕಲ್ಸೋ ಅನಂತರಾಜು ಮೇಷ್ಟ್ರಿಗೆ ಕತ್ತಿ. ಲಾರಿ ಕಮಾನು ಪಟ್ಟಿ ಕಾಯ್ಸಿ, ಬಡ್ದು, ಎಣ್ಣೇಲಿ ಅದ್ದೋದು. ಅಳೆಯೋಕೆ ಮಿಷಿನ್ ಗಿಷಿನ್ ಏನಿಲ್ಲ. ಕಬ್ಣ ದಾಳಿಂಬೆ ಕಾಳಿನ್ ಬಣ್ಣಕ್ ಬಂತಾ, ತೆಗಿ. ಅಷ್ಟೇ.

ಹೋದ್ ತಿಂಗ್ಳು ಮೇಷ್ಟ್ರು ಬಂದು ಒಂದ್ ಕತ್ತಿ ಮುಂದಿಟ್ರು. ಅದ್ರ ಬಾಯಲ್ಲಿ, ಅಂದ್ರೆ ಹರಿತದ ಅಂಚಲ್ಲಿ, ಉಗುರಷ್ಟು ಚೂರು ಎದ್ದೋಗಿತ್ತು.

"ನನ್ ಶಿಷ್ಯ ಅದ್ನಾನ್ ಕೆನ್ನೇಗ್ ಹಾರ್ತು ತಾತ. ಕಣ್ಣಿಂದ ಎರಡ್ ಬೆಟ್ಟು ಕೆಳಗೆ. ನಾಲ್ಕ್ ಹೊಲ್ಗೆ. ನಮ್ ಹುಡುಗ್ರು ಕತ್ತಿ ಬಾಯಿಗ್ ಬಾಯಿ ಹೊಡ್ಕೊಂಡ್ರು, ಅದು ತಪ್ಪೇ. ಆದ್ರೆ..."

"ಇರು. ಕತ್ತಿಗ್ ಕತ್ತಿ ಒಡ್ದ್ ನೋಡಾನ," ಅಂದ್ರು ತಾತ. "ನಂದೇ ತಪ್ಪಾದ್ರೆ ಇನ್ ಕತ್ತಿ ಕಾಯ್ಸಲ್ಲ."

ಕುಲುಮೇಲಿದ್ದ ಹಳೇ ಕತ್ತಿ ಒಂದನ್ನ ವೈಸ್ ಇಕ್ಕಳದಲ್ಲಿ ಬಾಯಿ ಮೇಲ್ಮಾಡಿ ಬಿಗಿದ್ರು. ಮೂರ್ ವರ್ಷದ್ದು. ಅದೇ ವಯಸ್ಸಿನ್ ಇನ್ನೊಂದು ತಗೊಂಡು ಹೊಡೆದ್ರು, ಹತ್ತ್ ಏಟು. ಕಚ್ಚು ಬಿತ್ತು, ಬಾಯಿ ಆ ಕಡೆ ಈ ಕಡೆ ಮಡಚ್ಕೊಂತು. ಚೂರ್ ಮಾತ್ರ ಹಾರ್ಲಿಲ್ಲ.

"ಇಂಗ್ ಬಗ್ಗಬೇಕು," ಅಂದ್ರು.

ಆಮೇಲೆ ಈ ವರ್ಷದ್ ಜೋಡಿ. ನಂಗೆ ಬೈಕ್ ಹೆಲ್ಮೆಟ್ ಹಾಕ್ಸಿದ್ರು. "ಚಂದ್ರಲೋಕಕ್ ಹೊಂಟಿದ್ದೀಯೇನವ್ವ," ಅಂದ್ರು ಮೇಷ್ಟ್ರು. ಯಾರೂ ನಗ್ಲಿಲ್ಲ.

ಮೂರ್ನೇ ಏಟಿಗೇ ಟಿಣ್ ಅಂತ ಒಂದ್ ಚೂರು ಗೋಡೇಗ್ ಹಾರ್ತು.

ತಾತ ಆ ಚೂರ್ ಎತ್ಕೊಂಡು ಮುರಿದ್ ಜಾಗ ಉಜ್ಜಿದ್ರು. ದಪ್ಪ ಸಕ್ಕರೆ ತರ ಮಿಣಮಿಣ ಅಂತಿತ್ತು. "ಬೆಂಕಿ ಜಾಸ್ತಿ ಕುಡ್ದೈತೆ," ಅಂದ್ರು. ಆಮೇಲೆ ತಲೆಯೆತ್ತಿ ಮೇಲ್ ನೋಡಿದ್ರು.

ನಾನೂ ನೋಡ್ದೆ.

ಯುಗಾದೀಲಿ ನಾನೇ ಕಣೇ ಹಾಕ್ಸಿದ್ದು ಸೂರಿಗೆ ಆ ಟ್ರಾನ್ಸ್‌ಪರೆಂಟ್ ಶೀಟು. ಕುಲುಮೆ ಗುಹೆ ತರ ಇದೆ, ವಿಡಿಯೋ ಬರಲ್ಲ ಅಂತ. ಕಾದಿದ್ ಕಬ್ಣ ಬಿಸಿಲ್ ಬೆಳಕಲ್ಲಿ ಮಂಕಾಗ್ ಕಾಣತ್ತಂತೆ. ದಾಳಿಂಬೆ ಬಣ್ಣ ಬರ್ಲಿ ಅಂತ ಕಾಯ್ತಾ ಕಾಯ್ತಾ, ಅದು ಯಾವಾಗ್ಲೋ ಹದ ದಾಟೋಗಿರತ್ತೆ.

"ತಾತ, ತಪ್ಪು ನಂದು ಅಂತ ಹೇಳ್ತೀನಿ."

"ಶೀಟ್ ಆಕ್ಸಿದ್ದು ನೀನು. ಕಬ್ಣ ನೋಡಿದ್ದು ನನ್ ಕಣ್ಣು." ಮೇಷ್ಟ್ರ ಕಡೆ ತಿರುಗಿ, "ತಪ್ಪು ನಂದೇ ಅನಂತರಾಜು. ಈ ವರ್ಷದ್ವು ಅಷ್ಟೂ ತಂದ್ಕೊಡು."

ಬೈದಿದ್ರೆ ಚೆನ್ನಾಗಿರ್ತಿತ್ತು. ಬೈಲಿಲ್ಲ. ಕೈ ತೊಳ್ಕೊಂಡು ಮುದ್ದೆ ಉಂಡ್ರು.

ಮಾರ್ನೇ ದಿನ ಶೀಟ್ ಮೇಲ್ ಹೊದ್ಸೋಕೆ ಟಾರ್ಪಾಲ್ ತಂದೆ. ಅದನ್ನ ನಾಲ್ಕ್ ಮಡಿಕೆ ಮಾಡಿ ಅದ್ರ್ ಮೇಲೆ ಕೂತಿದ್ದಾರೆ ಈಗ. ಅಪಾರ್ಟ್‌ಮೆಂಟವ್ರ ತರಕಾರಿ ಚಾಕುಗಳ್ಗೆ ಸಾಣೆ ಹಿಡೀತಾರೆ.

ಶೀಟ್ ತೆಗಿಸ್ಲಾ ತಾತ ಅಂತ ಇವತ್ತೂ ಕೇಳ್ದೆ.

"ಬ್ಯಾಡ ಬಿಡು," ಅಂದ್ರು. "ಸಾಣೆ ಇಡ್ಯಕ್ ಬೆಳಕ್ ಚೆನ್ನಾಗೈತೆ."