ಮೋನಪ್ಪಣ್ಣನ ಶ್ರದ್ಧಾಂಜಲಿ ಫೋಟೊ

ಹೊಸ ಫ್ಲೆಕ್ಸಿನ ವಾಸನೆ ನಿಮಗೂ ಗೊತ್ತಿರಬೇಕು. ಒದ್ದೆ ರೈನ್‌ಕೋಟನ್ನು ಬಿಸಿಲಿಗೆ ಹಾಕಿ ಮೇಲಿಂದ ಸೀಮೆಎಣ್ಣೆ ಚಿಮುಕಿಸಿದ ಹಾಗೆ. ಇವತ್ತು ಮೂಡುಬಿದಿರೆಯ ಫ್ಲೆಕ್ಸ್ ಅಂಗಡಿಯಲ್ಲಿ ಕಾಯುತ್ತ ಕೂತಾಗ ಅದು ಮೂಗಿಗೆ ಬಡಿದದ್ದೇ, ಮೋನಪ್ಪಣ್ಣ ಸತ್ತ ದಿನ ನೆನಪಾಯಿತು. ಸತ್ತದ್ದು ಎಂದರೆ ಪೂರ್ತಿ ಸತ್ತದ್ದಲ್ಲ. ಹೇಳುತ್ತೇನೆ.

ಆಗ ನನಗೆ ಕ್ಯಾಮೆರಾದ ಹುಚ್ಚು. ಭಾನುವಾರ ನಾನು ಕಲಿಸುವ ಶಾಲೆಗೆ ರಜೆಯಾದ್ದರಿಂದ ಬೈಕ್ ಹತ್ತಿ ಹೊರಟುಬಿಡುತ್ತಿದ್ದೆ. ಪಾಣೆಮಂಗಳೂರಿನ ಹಳೇ ಸೇತುವೆ, ವೇಣೂರಿನ ಗೊಮ್ಮಟ, ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರು, ಬಸ್‌ಸ್ಟ್ಯಾಂಡಿನಲ್ಲಿ ಪ್ರಯಾಣಿಕರ ಜೊತೆ ಕಾಯುವ ದನ, ಹೀಗೆ ಸಿಕ್ಕಿದ್ದನ್ನೆಲ್ಲ ತೆಗೆಯುವುದು. ಊರಿನ ಬದುಕನ್ನು ದಾಖಲಿಸುತ್ತಿದ್ದೇನೆಂಬ ಗತ್ತು ನನ್ನದು. ಊರಿನವರ ಕಣ್ಣಿಗೆ ಮಾತ್ರ ನಾನು ರಸ್ತೆ ಅಗಲ ಮಾಡಲು ಅಳತೆಗೆ ಬಂದವನು. ಕ್ಯಾಮೆರಾ ಎತ್ತಿದರೆ ಸಾಕು, ಯಾರಾದರೂ ಓಡಿ ಬಂದು ತಮ್ಮ ಮನೆಯ ಪಾಗಾರದ ಗೋಡೆಗೆ ಅಡ್ಡ ನಿಲ್ಲುತ್ತಿದ್ದರು.

ತಾವಾಗಿಯೇ ಫೋಟೊ ಕೇಳಿದವರು ಸಿದ್ಧಕಟ್ಟೆಯ ಮೋನಪ್ಪಣ್ಣ ಒಬ್ಬರೇ. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು.

"ಮಾಸ್ಟ್ರೇ, ಒಂದು ಶ್ರದ್ಧಾಂಜಲಿ ಫೋಟೊ ತೆಗೀಬೇಕಿತ್ತಲ್ಲ."

"ಯಾರದ್ದು?"

"ನನ್ನದೇ ಮಾರಾಯ್ರೆ! ಅಣ್ಣ ಹೋದಾಗ ವೋಟರ್ ಕಾರ್ಡಿನ ಫೋಟೊ ಹಾಕಿ ಫ್ಲೆಕ್ಸ್ ಮಾಡಿಸಿದ್ರು. ಕಳ್ಳ ಸಿಕ್ಕಿಬಿದ್ದ ಹಾಗೆ ಉಂಟು. ನನಗೆ ಹಾಗೆ ಆಗ್ಬಾರ್ದು."

ಮುಂದಿನ ಭಾನುವಾರ ಅವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಸಾವಿರ ಕಂಬದ ಬಸದಿಯೆದುರು ನಿಲ್ಲಿಸಿದರೆ, "ಕಂಬವೇ ಕಾಣ್ತದೆ, ನಾನೆಲ್ಲಿ?" ಎಂದರು. ಕೊನೆಗೆ ಬೆಳ್ತಂಗಡಿ ಕಡೆಯ ಗಡಾಯಿಕಲ್ಲು ಒಪ್ಪಿಗೆಯಾಯಿತು. ಅಷ್ಟು ದೊಡ್ಡ ಬಂಡೆ ಅವರ ತಲೆಯ ಮೇಲೆ ಮುಂಡಾಸಿನ ಹಾಗೆ ಕೂತಿತ್ತು.

"ನಗುವುದಾ ಮಾಸ್ಟ್ರೇ? ಸತ್ತವ ನಕ್ಕರೆ ಜನ ಏನು ಹೇಳ್ತಾರೆ?"

"ಸ್ವಲ್ಪ ನಗಿ. ಈಗ ಬದುಕಿದ್ದೀರಲ್ಲ."

ಫೋಟೊ ಚೆನ್ನಾಗಿ ಬಂತು. ತೊಂದರೆಯಾದದ್ದೇ ಅಲ್ಲಿ. ಮೋನಪ್ಪಣ್ಣ ಹೆಂಡತಿ ಕಮಲಕ್ಕನಿಗೂ ಹೇಳದೆ, ತಾರೀಕಿನ ಜಾಗ ಖಾಲಿ ಬಿಡಿಸಿ, ಇದೇ ಅಂಗಡಿಯಲ್ಲಿ ಫ್ಲೆಕ್ಸಿಗೆ ಕೊಟ್ಟರು. ಅಂಗಡಿಯವರಿಗೆ ಅದು ಎಷ್ಟು ಇಷ್ಟವಾಯಿತೆಂದರೆ, ಗಿರಾಕಿಗಳಿಗೆ ಮಾದರಿಯಾಗಲಿ ಎಂದು ಬಾಗಿಲಲ್ಲೇ ತೂಗುಹಾಕಿದರು. ಸುದ್ದಿ ಬೆಳಗಿನ ಬಸ್ಸಿನಲ್ಲೇ ಸಿದ್ಧಕಟ್ಟೆಗೆ ಬಂದಿಳಿಯಿತು.

ಅದು ನನ್ನ ಕಿವಿಗೂ ಬಿದ್ದು ನಾನು ಓಡಿಹೋಗುವಷ್ಟರಲ್ಲಿ ಅಂಗಳ ತುಂಬಿತ್ತು. ಮೋನಪ್ಪಣ್ಣ ಬಂದವರಿಗೆಲ್ಲ ಕುರ್ಚಿ ಹಾಕುತ್ತಿದ್ದರು. "ಪಾಪ, ಒಳ್ಳೆ ಜನ" ಎಂದು ಯಾರಾದರೂ ಅಂದರೆ, "ಏನು? ಸ್ವಲ್ಪ ಗಟ್ಟಿ ಹೇಳಿ" ಎನ್ನುತ್ತಿದ್ದರು. ಒಳಗಿನಿಂದ ಕಮಲಕ್ಕನ ಗುಡುಗು ಕೇಳಿಸಿತು: "ಓ ಸತ್ತವರೇ, ಚಾಯಕ್ಕೆ ಹಾಲಿಲ್ಲ! ಹೋಗಿ ತನ್ನಿ!"

ಅವರು ಹಾಲಿಗೆ ಹೋಗಿದ್ದಾಗ ಪಕ್ಕದ ಮನೆಯ ಸಂಜೀವಣ್ಣ ಬಂದರು. ಗಡಿಯಲ್ಲಿದ್ದ ಒಂದು ಹಲಸಿನ ಮರದ ದೆಸೆಯಿಂದ ಇಬ್ಬರಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಸಂಜೀವಣ್ಣ ಯಾರ ಮುಖವನ್ನೂ ನೋಡದೆ ಜಗಲಿಯ ಕಂಬ ಹಿಡಿದು ಬಿಕ್ಕಿದರು. "ನಾನೇ ಮೊದಲು ಮಾತಾಡ್ಬೇಕಿತ್ತು ಮೋನಪ್ಪಾ..."

ಹಿಂದಿನಿಂದ ಹಾಲಿನ ಪ್ಯಾಕೆಟ್ ಹಿಡಿದು ಬಂದ ಮೋನಪ್ಪಣ್ಣ ಅವರ ಹೆಗಲು ಮುಟ್ಟಿದರು. "ಈಗ ಮಾತಾಡು ಮಾರಾಯ. ಇಲ್ಲೇ ಇದ್ದೇನಲ್ಲ."

ಸಂಜೀವಣ್ಣ ತಿರುಗಿ, ಅವರನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ನಾನು ಅತ್ತದ್ದು ವೇಸ್ಟಾ?"

ಇಬ್ಬರೂ ಕಣ್ಣೊರೆಸಿಕೊಂಡು ನಕ್ಕ ನಗುವಿಗೆ ಮರದ ಕಾಗೆಗಳು ಹಾರಿಹೋದವು. ನಾನು ಕ್ಯಾಮೆರಾ ಒತ್ತಿದೆ.

ಮೊನ್ನೆ ಸಂಜೀವಣ್ಣ ತೀರಿಕೊಂಡರು. ಅವರು ನಗುತ್ತಿರುವ ಫೋಟೊ ಅದೊಂದೇ ಇದ್ದದ್ದು. ಅದನ್ನೇ ಹಿಡಿದು ಇಲ್ಲಿಗೆ ಬಂದಿದ್ದೇನೆ. ಕಂಪ್ಯೂಟರಿನೆದುರು ಕೂತವನು ಮೋನಪ್ಪಣ್ಣನನ್ನು ಕತ್ತರಿಸಿ ತೆಗೆದು, ತಡೆದು ಕೇಳಿದ. "ಸರ್, ಹೆಗಲ ಮೇಲೆ ಇವರ ಕೈ ಉಳೀತು. ಅಳಿಸ್ಲಾ?"

ನಾನಾದರೆ ಹೂಂ ಎನ್ನುತ್ತಿದ್ದೆ. ಯಾಕೋ ಮೋನಪ್ಪಣ್ಣನಿಗೆ ಫೋನು ಮಾಡಿದೆ. ವಿಷಯ ಹೇಳಿದೆ.

"ಬೇಡ ಮಾಸ್ಟ್ರೇ," ಎಂದರು. "ಅದು ಅಲ್ಲೇ ಇರ್ಲಿ."

ಈಗ ಯಂತ್ರ ಗುರ್ರೆನ್ನುತ್ತಿದೆ. ಸಂಜೀವಣ್ಣನ ಹಣೆ ಬಂತು, ನಗು ಬಂತು. ಹೆಗಲ ಮೇಲೆ ಒಂದೊಂದೇ ಬೆರಳು ಮೂಡುವುದನ್ನು ನೋಡುತ್ತ ನಿಂತಿದ್ದೇನೆ.